40 ಆಂಪ್ ಜಾಗಕ್ಕೆ 60 ಆಂಪ್ ಸಪ್ಲೈ ಹಾಕಿದರೆ ಮಾಡ್ಯೂಲ್ ಸುಡುತ್ತದೆಯೇ?

ಪ್ರಶ್ನೆ: ನಮ್ಮ ಎಲ್‌ಇಡಿ ಡಿಸ್‌ಪ್ಲೇಯ 5 ವೋಲ್ಟ್, 40 ಆಂಪ್ ಪವರ್ ಸಪ್ಲೈ ಮೂರು ತಿಂಗಳಿಗೊಮ್ಮೆ ಕೆಡುತ್ತಿದೆ. 60 ಆಂಪ್‌ನದು ಹಾಕೋಣವೆಂದರೆ, ಕರೆಂಟ್ ಜಾಸ್ತಿಯಾಗಿ ಮಾಡ್ಯೂಲ್‌ಗಳು (ಪರದೆಯಲ್ಲಿ ಜೋಡಿಸಿರುವ ಎಲ್‌ಇಡಿ ಫಲಕಗಳು) ಸುಟ್ಟುಹೋಗುತ್ತವೆ ಅನ್ನುತ್ತಾರೆ. ಏನು ಮಾಡಲಿ?

ಸುಡುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಈ ಭಯ ಹೋಗುತ್ತಲೇ ಇಲ್ಲ, ಹಾಗಾಗಿ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಸಪ್ಲೈ ಮೇಲೆ ಬರೆದಿರುವ ಆಂಪ್ ಎಂದರೆ ಅದು ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಮಿತಿ. ಅಷ್ಟನ್ನೂ ಅದು ಮಾಡ್ಯೂಲ್ ಒಳಗೆ ನೂಕುವುದಿಲ್ಲ. ಸಪ್ಲೈ ಕಾಯುವುದು 5 ವೋಲ್ಟನ್ನು. ಎಷ್ಟು ಕರೆಂಟ್ ಎಳೆಯಬೇಕೆಂಬುದು ಮಾಡ್ಯೂಲಿಗೆ ಸೇರಿದ್ದು. ಬಾವಿಯಲ್ಲಿ ನೀರು ಎಷ್ಟೇ ಇರಲಿ, ಮೇಲೆ ಬರುವುದು ಕೊಡ ಹಿಡಿಸುವಷ್ಟೇ. 16 ಆಂಪ್ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿದರೆ ಚಾರ್ಜರ್ ಸುಡುತ್ತದೆಯೇ? ಮಾಡ್ಯೂಲನ್ನು ಸುಡುವುದು ವೋಲ್ಟೇಜ್: 5 ವೋಲ್ಟ್ ಜಾಗಕ್ಕೆ 12 ವೋಲ್ಟ್ ಕೊಟ್ಟರೆ, ಇಲ್ಲವೇ ಪ್ಲಸ್ ಮೈನಸ್ ಅದಲುಬದಲಾದರೆ. ಇಷ್ಟು ಹೇಳಿದರೂ ನಂಬಿಕೆ ಬಾರದಿದ್ದರೆ ಡಿಸಿ ಕ್ಲ್ಯಾಂಪ್ ಮೀಟರ್ (ವೈರನ್ನು ಕಚ್ಚಿ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ, ಒಂದೇ ಮಾಡ್ಯೂಲಿಗೆ ಎರಡೂ ಸಪ್ಲೈ ಕೊಟ್ಟು ನೋಡಿ. ವೋಲ್ಟೇಜ್ ಒಂದೇ ಇದ್ದರೆ ರೀಡಿಂಗೂ ಒಂದೇ. ಶಾರ್ಟ್ ಆದಾಗ ಮಾತ್ರ ದೊಡ್ಡ ಸಪ್ಲೈ ಹೆಚ್ಚು ಕರೆಂಟ್ ಸುರಿಯುತ್ತದೆ. ಅದಕ್ಕೆ ತಕ್ಕ ವೈರು, ಫ್ಯೂಸು ಇರಲಿ.

ಈಗ ನಿಮ್ಮ ಸಪ್ಲೈ ಯಾಕೆ ಸಾಯುತ್ತಿದೆ ಅಂತ ನೋಡೋಣ. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅಂದರೆ ಎಲ್ಲ ಎಲ್‌ಇಡಿ ಉರಿಯುವಂತೆ ಮಾಡಿ, ಕರೆಂಟ್ ಅಳೆಯಿರಿ. ಒಂದು ಮಾಡ್ಯೂಲಿಗೆ 5 ಆಂಪ್ ಬಂದರೆ ಎಂಟು ಮಾಡ್ಯೂಲಿಗೆ 40. ಸಪ್ಲೈಗೆ ಉಸಿರಾಡಲು ಜಾಗವೇ ಇಲ್ಲ. ನಾನು ಸಪ್ಲೈಯ ಮಿತಿಯ ಶೇ. 70 ದಾಟಿಸುವುದಿಲ್ಲ, ಅಂದರೆ 40ರದಕ್ಕೆ 28 ಆಂಪ್, 60ರದಕ್ಕೆ 42. ಕೆಟ್ಟ ಸಪ್ಲೈಯನ್ನು ಲೈನಿನಿಂದ ಕಳಚಿ, ಕೆಲವು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ದೊಡ್ಡ ಕೆಪಾಸಿಟರಿನಲ್ಲಿ (ವಿದ್ಯುತ್ ಕೂಡಿಟ್ಟುಕೊಳ್ಳುವ ಡಬ್ಬಿಯಂಥ ಭಾಗ) 300 ವೋಲ್ಟಿನಷ್ಟು ಉಳಿದಿರಬಹುದು, ಮೀಟರಿನಲ್ಲಿ ನೋಡದೆ ಕೈ ಹಾಕಬೇಡಿ. ಔಟ್‌ಪುಟ್ ಕಡೆಯ ಕೆಪಾಸಿಟರುಗಳ ನೆತ್ತಿ ಉಬ್ಬಿ, ಮೇಲಿನ ಗೆರೆ ಬಿರಿದು ಕಂದು ಅಂಟು ಒಸರಿದ್ದರೆ ಕಾರಣ ಬಿಸಿ. 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಫ್ಯಾನಿನ ಧೂಳು ಒರೆಸಿ, ಪೆಟ್ಟಿಗೆಗೆ ಗಾಳಿ ಬಿಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬಿಳಿ ಹಾಕಿದಾಗ ತುದಿಯ ಮಾಡ್ಯೂಲ್ ಕೆಂಪಗೆ ಕಂಡರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿ ಹಸಿರಿಗೆ 3ರ ಆಸುಪಾಸು ಬೇಕು. ತೆಳು ವೈರಿನಲ್ಲಿ ವೋಲ್ಟೇಜ್ ಇಳಿದಾಗ ಮೊದಲು ಮಂಕಾಗುವುದು ಆ ಎರಡೇ. ಅದಕ್ಕಾಗಿ ಸಪ್ಲೈಯ ಅಡ್ಜಸ್ಟ್ ಸ್ಕ್ರೂ ತಿರುಗಿಸಿದರೆ ಹತ್ತಿರದ ಮಾಡ್ಯೂಲುಗಳಿಗೆ ಜಾಸ್ತಿ ಬೀಳುತ್ತದೆ. ದಪ್ಪ ವೈರ್ ಎಳೆಯಿರಿ. ವೋಲ್ಟೇಜ್ ಅಳೆಯುವಾಗಲೂ ಮೀಟರಿನ ಕಡ್ಡಿಗಳನ್ನು ಸಪ್ಲೈಯ ಬಾಯಲ್ಲಿ ಇಡಬೇಡಿ, ಕೊನೆಯ ಮಾಡ್ಯೂಲಿನ ಪಿನ್ ಮೇಲಿಡಿ.