ಜಗ್ಗದ ಡ್ರೇನ್ ಪ್ಲಗ್ಗಿಗೆ ಉದ್ದ ಪೈಪು ಮದ್ದಲ್ಲ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿಗೆ ಮುಂಚೆ ಟ್ರ್ಯಾಕ್ಟರುಗಳು ಕೇಜ್ ವೀಲ್ (ಕೆಸರಿಗೆಂದೇ ಇರುವ ಕಬ್ಬಿಣದ ಪಂಜರದ ಗಾಲಿ) ಕಟ್ಟಿಕೊಂಡು ದಿನಗಟ್ಟಲೆ ಕೆಸರಲ್ಲೇ ಇರುತ್ತವೆ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನ ಆಕ್ಸಲ್ಲೂ ಮುಳುಗುತ್ತದೆ. ಅದರ ಹೊಟ್ಟೆಯಡಿಯ ಡ್ರೇನ್ ಪ್ಲಗ್ (ಹಳೆ ಆಯಿಲ್ ಹರಿಸಲು ಬಿಚ್ಚುವ ತಿರುಪಿನ ಬಿರಡೆ) ನೆನೆಯುತ್ತದೆ, ಒಣಗುತ್ತದೆ, ಮತ್ತೆ ನೆನೆಯುತ್ತದೆ. ಸವಳು ಹತ್ತಿದ ಹೊಲವಾದರೆ ಆ ನೀರಲ್ಲಿ ಉಪ್ಪೂ ಇರುತ್ತದೆ. ಆಯಿಲ್ ಬದಲಿಸುವ ದಿನ ಪ್ಲಗ್ ಜಗ್ಗುವುದಿಲ್ಲ.

ಮೊದಲು ಆಯಿಲ್ ಹಾಕುವ ಮೇಲಿನ ಪ್ಲಗ್ಗನ್ನು ಸಡಿಲಿಸಿ ನೋಡಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಹರಿದುಹೋದ ಮೇಲೆ ಮೇಲಿನದು ಬರಲಿಲ್ಲವೆಂದರೆ ಹೊಸ ಆಯಿಲ್ ಸುರಿಯಲು ದಾರಿಯಿಲ್ಲ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಪ್ಲಗ್ ಕಚ್ಚಿಕೊಳ್ಳುವುದೇಕೆ? ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಜಾಗ ಬೇಡುತ್ತದೆ. ತ್ರೆಡ್ಡಿನ (ತಿರುಪಿನ ಸುತ್ತುಗಳ) ಸಂದಿಯಲ್ಲಿ ಆ ಜಾಗ ಇರುವುದಿಲ್ಲ. ಹಾಗಾಗಿ ಬೆಣೆ ಹೊಡೆದಂತೆ ಎರಡೂ ಕಡೆ ಒತ್ತಿ ಹಿಡಿಯುತ್ತದೆ.

ಇಲ್ಲಿ ಹೆಚ್ಚಿನವರು ಪಾನಾಕ್ಕೆ ಪೈಪು ತೂರಿಸುತ್ತಾರೆ. 30 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ 30 ಕಿಲೋ ಭಾರದಷ್ಟು ಎಳೆದರೆ ಸುಮಾರು 88 ನ್ಯೂಟನ್ ಮೀಟರ್ ತಿರುಚುಬಲ. ಪೈಪು ಸೇರಿ 90 ಸೆಂಟಿಮೀಟರ್ ಆದರೆ ಅದೇ ಎಳೆತಕ್ಕೆ 265. ತುಕ್ಕು ಬಿಡುವ ಮೊದಲೇ ತಲೆಯ ಮೂಲೆಗಳು ಸವೆದು ಗುಂಡಗಾಗುತ್ತವೆ, ಇಲ್ಲವೇ ಪ್ಲಗ್ಗೇ ತುಂಡಾಗುತ್ತದೆ.

ತುಕ್ಕು ಗಟ್ಟಿ, ಆದರೆ ಪೆಡಸು. ನಿಧಾನದ ಎಳೆತಕ್ಕೆ ಜಗ್ಗದ್ದು ಚುರುಕು ಪೆಟ್ಟಿಗೆ ಬಿರುಕು ಬಿಡುತ್ತದೆ. ತಂತಿ ಬ್ರಷ್ಷಿನಿಂದ ಕೆಸರು ಕೆರೆದು, ತಲೆಯ ಸುತ್ತ ಡೀಸೆಲ್ ಇಲ್ಲವೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿ. ಪ್ಲಗ್ಗಿನ ತಲೆಯ ನಟ್ಟನಡುವೆ ಹಿತ್ತಾಳೆಯ ರಾಡ್ ಇಟ್ಟು ಅರ್ಧ ಕಿಲೋ ಸುತ್ತಿಗೆಯಿಂದ ಎಂಟು ಹತ್ತು ಪೆಟ್ಟು ಕೊಡಿ. ಪೆಟ್ಟು ಹೌಸಿಂಗಿಗೆ, ಅಂದರೆ ಪ್ಲಗ್ ಕೂತಿರುವ ಆಕ್ಸಲ್ಲಿನ ಹೊರಕವಚಕ್ಕೆ ಬೀಳಬಾರದು, ಬೀಡುಕಬ್ಬಿಣ ಸೀಳುತ್ತದೆ. ಬಿರುಕಿನೊಳಕ್ಕೆ ಡೀಸೆಲ್ ತಾನಾಗಿ ಇಳಿಯುತ್ತದೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಆರು ಮೂಲೆಯ ಬಾಕ್ಸ್ ಪಾನಾ ಪೂರ್ತಿ ಕೂರಿಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಹನ್ನೆರಡು ಮೂಲೆಯ ಪಾನಾ ತುದಿಗಳನ್ನಷ್ಟೇ ಹಿಡಿಯುವುದರಿಂದ ಬೇಗ ಜಾರುತ್ತದೆ.

ಕಾಯಿಸುವುದು ಕೊನೆಯ ಮಾತು, ಅದರಲ್ಲೂ ಲೋಹ ನೋಡಿ ಕಾಯಿಸಬೇಕು. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 22 ಮಿಲಿಮೀಟರ್ ತೂತಿನ ಅಲ್ಯುಮಿನಿಯಂ ಹೌಸಿಂಗ್ 80 ಡಿಗ್ರಿ ಹೆಚ್ಚು ಬಿಸಿಯಾದರೆ ಉಕ್ಕಿನ ಪ್ಲಗ್ಗಿಗೂ ಅದಕ್ಕೂ 0.02 ಮಿಲಿಮೀಟರ್ ಅಂತರ ಬೀಳುತ್ತದೆ, ಅಷ್ಟು ಸಾಕು. ಬೀಡುಕಬ್ಬಿಣ ಮಾತ್ರ ಉಕ್ಕಿಗಿಂತ ಸ್ವಲ್ಪ ಕಡಿಮೆ ಹಿಗ್ಗುತ್ತದೆ. ಟ್ರ್ಯಾಕ್ಟರಿನ ಆಕ್ಸಲ್ಲಿನಲ್ಲಿ ಎರಡನ್ನೂ ಸಮನಾಗಿ ಕಾಯಿಸಿದರೆ ಪ್ಲಗ್ ಇನ್ನೂ ಬಿಗಿಯಾದೀತು! ಅಲ್ಲಿ ಪ್ಲಗ್ಗಿನ ತಲೆಯನ್ನಷ್ಟೇ ಕಾಯಿಸಿ ಆರಲು ಬಿಡಬೇಕು. ಹಿಗ್ಗಿ ಕುಗ್ಗುವಾಗ ತುಕ್ಕಿನ ಹಿಡಿತ ತಪ್ಪುತ್ತದೆ. ಡೀಸೆಲ್ ಒರೆಸದೆ ಬೆಂಕಿ ತರಬೇಡಿ, ಹತ್ತಿರದ ಆಯಿಲ್ ಸೀಲಿಗೆ ಜ್ವಾಲೆ ತಾಗಿಸಬೇಡಿ. ಮೂಲೆ ಸವೆದ ತಲೆಗೆ ನಟ್ ವೆಲ್ಡ್ ಮಾಡಿಸಿದರೆ ಹಿಡಿತವೂ ಸಿಗುತ್ತದೆ, ಕಾವೂ ಸಿಗುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿಡಿ.

ಪ್ಲಗ್ ಬಂದ ಮೇಲೆ ಆಯಿಲ್ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ಒಳಗೆ ಗದ್ದೆಯ ನೀರು ಸೇರಿದೆ, ಸೀಲ್ ಬದಲಿಸದೆ ಹೊಸ ಆಯಿಲ್ ಹಾಕಿ ಪ್ರಯೋಜನವಿಲ್ಲ. ಮ್ಯಾಗ್ನೆಟ್ ಪ್ಲಗ್ಗಿಗೆ ಬೂದುಬಣ್ಣದ ನುಣ್ಣನೆ ಕೆಸರು ಮೆತ್ತಿದ್ದರೆ ಸಹಜ ಸವೆತ. ಉಗುರಿಗೆ ಸಿಗುವ ಚೂರುಗಳಿದ್ದರೆ ಗೇರು ಇಲ್ಲವೇ ಬೇರಿಂಗ್ ಒಡೆಯುತ್ತಿದೆ.

ತ್ರೆಡ್ ತಿಕ್ಕಿ ತೊಳೆದು, ಹೊಸ ವಾಷರ್ ಹಾಕಿ, ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ. ತಲೆಯ ಸುತ್ತ ಗ್ರೀಸ್ ಮೆತ್ತಿದರೆ ಮುಂದಿನ ಹಂಗಾಮಿನ ಕೆಸರು ಸಂದಿಗೆ ಇಳಿಯುವುದಿಲ್ಲ. ಗಾಡಿ ಸಮತಟ್ಟಿನಲ್ಲಿ ನಿಂತಿರಲಿ, ಆಯಿಲ್ ಮಟ್ಟ ತೋರುವ ಲೆವೆಲ್ ತೂತಿನ ಅಂಚಿನಲ್ಲಿ ಆಯಿಲ್ ಜಿನುಗುವವರೆಗೆ ಸುರಿಯಿರಿ.