ಬಿಲ್ ಶೂನ್ಯವಾದರೂ ಯೂನಿಟ್ ಶೂನ್ಯವಲ್ಲ

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಯೋಜನೆಯಡಿ ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಮನೆಗಳಿಗೆ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನ ಶೂನ್ಯ ಬಿಲ್ ಬರುತ್ತಿದೆ. ಬಡ ಕುಟುಂಬಗಳಿಗೆ ಇದರಿಂದ ಸಿಕ್ಕಿರುವ ಆಸರೆ ದೊಡ್ಡದು. ಆದರೆ ಮನೆಗಳ ವಿದ್ಯುತ್ ಬಳಕೆಯನ್ನು ಪರಿಶೀಲಿಸುವ ವೃತ್ತಿಯಲ್ಲಿರುವ ನನಗೆ ಓಣಿಯ ಸಭೆಗಳಲ್ಲಿ ಈಗ ಮೊದಲು ಎದುರಾಗುವ ಪ್ರಶ್ನೆ, ‘ಬಿಲ್ಲ ಬರೂದಿಲ್ಲಂದ ಮ್ಯಾಲೆ ಉಳಿಸೂದು ಯಾಕ್ರೀ?’ ಎಂಬುದು.

ಉತ್ತರ ಆ ಬಿಲ್ಲಿನಲ್ಲೇ ಇದೆ. 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಪ್ರತಿ ಮನೆಗೂ ಒಂದು ಮಿತಿ ನಿಗದಿಯಾಗಿದ್ದು, ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ತೆರಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಫ್ಯಾನು, ಕೂಲರುಗಳು ಹಗಲಿರುಳು ತಿರುಗುವಾಗ ಈ ಗೆರೆ ದಾಟುವ ಮನೆಗಳು ಕಡಿಮೆಯೇನಲ್ಲ. ಹಣದ ಮಾತು ಹಾಗಿರಲಿ, ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬಿಲ್ಲನ್ನು ಯಾರೇ ಕಟ್ಟಲಿ, ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲು ಉರಿದೇ ಉರಿಯುತ್ತದೆ.

ನಮ್ಮ ಭಾಗದ ಮನೆಗಳಲ್ಲಿ ಸೆಕೆಯ ಮೂಲ ಇರುವುದು ಛಾವಣಿಯಲ್ಲಿ. ಗದಗ, ಹಾವೇರಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಪದರ ಬಿಸಿಲನ್ನು ನಿಧಾನಕ್ಕೆ ಹೀರಿಕೊಂಡು ಒಳಗನ್ನು ತಂಪಾಗಿ ಇಡುತ್ತಿತ್ತು. ಅದರ ಜಾಗಕ್ಕೆ ಬಂದ ನಾಲ್ಕೈದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಗಲಿಡೀ ಕಾದು, ಆ ಬಿಸಿಯನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಧಾರವಾಡದ ಸಪ್ತಾಪುರದಂಥ ಬಡಾವಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಬಾಡಿಗೆಗಿರುವ ಮೇಲಂತಸ್ತಿನ ಕೋಣೆಗಳಲ್ಲಿ ಬೇಸಿಗೆಯ ರಾತ್ರಿ ಹತ್ತು ಗಂಟೆಗೆ ಸ್ಲ್ಯಾಬಿನ ಕೆಳಮೈ ಮುಟ್ಟಿದರೆ ಕೈಗೆ ಬಿಸಿ ತಟ್ಟುತ್ತದೆ. ಅಲ್ಲಿ ಫ್ಯಾನು ಆ ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ.

ಇದಕ್ಕೆ ಅಗ್ಗದ ಉಪಾಯ ಛಾವಣಿಗೆ ಸುಣ್ಣ. ಬಿಳಿಯ ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಚೆಲ್ಲುವುದರಿಂದ ಸ್ಲ್ಯಾಬ್ ಕಾಯುವುದೇ ಕಡಿಮೆಯಾಗುತ್ತದೆ. ಛಾವಣಿಯನ್ನು ಗುಡಿಸಿ, ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಬೇಕು. ಕಾದ ಸ್ಲ್ಯಾಬಿನ ಮೇಲೆ ಬಳಿದರೆ ತಕ್ಷಣ ಒಣಗಿ ಪುಡಿಯಾಗಿ ಉದುರುವುದರಿಂದ ಈ ಕೆಲಸವನ್ನು ಸಂಜೆಯೇ ಮಾಡಬೇಕು. ಇದರ ಜೊತೆಗೆ 75 ವ್ಯಾಟಿನ ಹಳೆಯ ಫ್ಯಾನು ತೆಗೆದು ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ, ಬ್ರಷ್ ಇಲ್ಲದ ಮೋಟಾರಿನ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ, ದಿನಕ್ಕೆ ಹನ್ನೆರಡು ತಾಸಿನ ಲೆಕ್ಕದಲ್ಲಿ ಒಂದೊಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ.

ಹೀಗಿದ್ದೂ ಕೆಲಸ ಮುಂದೆ ಸಾಗದಿರುವುದಕ್ಕೆ ಕಾರಣ ಜನರ ಅಜ್ಞಾನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಡಿಗೆದಾರನಿಗೆ ಸೆಕೆ ಇದೆ, ಛಾವಣಿಯ ಮೇಲೆ ಹಕ್ಕಿಲ್ಲ. ಮಾಲೀಕನಿಗೆ ಛಾವಣಿ ಇದೆ, ಸೆಕೆಯ ಬಾಧೆ ಇಲ್ಲ. ಈ ಗಂಟನ್ನು ಒಂಟಿ ಬಾಡಿಗೆದಾರ ಬಿಚ್ಚಲಾರ. ಓಣಿಯ ಹಿರಿಯರು, ಮಹಿಳಾ ಸ್ವಸಹಾಯ ಸಂಘದವರು ಕೂಡಿ ಮಾಲೀಕರನ್ನು ಕಂಡು, ಇಡೀ ಸಾಲಿನ ಮನೆಗಳಿಗೆ ಒಮ್ಮೆಗೇ ಸುಣ್ಣ ಬಳಿಸುವ ಮಾತಾಡಿದಾಗ ಕೂಲಿಯೂ ತಗ್ಗುತ್ತದೆ, ಮಾಲೀಕರಿಗೆ ಇಲ್ಲ ಎನ್ನುವುದೂ ಕಷ್ಟವಾಗುತ್ತದೆ. ತಗಡಿನ ಅಂಗನವಾಡಿಗಳ, ಸರ್ಕಾರಿ ಶಾಲೆಗಳ ಛಾವಣಿಗೂ ಸುಣ್ಣವಾಗಬೇಕೆಂದು ವಾರ್ಡ್ ಸಮಿತಿಯಲ್ಲಿ ಬರಹದಲ್ಲಿ ಕೇಳಬೇಕು. ಮನೆಯಲ್ಲಿ ಫ್ಯಾನಿನ ಕೆಳಗೆ ಸರಿದು ಕೂರುವಷ್ಟಾದರೂ ನಮಗೆ ಸಾಧ್ಯ, ಅಲ್ಲಿನ ಮಕ್ಕಳಿಗೆ ಅದೂ ಇಲ್ಲ. ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕನೂ ಆಕ್ಷೇಪಣೆ ಸಲ್ಲಿಸಬಹುದು; ಬಡ ಮನೆಗಳಿಗೆ ಕಂತಿನಲ್ಲಿ ಬಿಎಲ್‌ಡಿಸಿ ಫ್ಯಾನು ಒದಗಿಸುವ ಯೋಜನೆ ಬೇಕೆಂಬ ಬೇಡಿಕೆಯನ್ನು ಅಲ್ಲಿಯೇ ಇಡಬೇಕು. ಸುಣ್ಣದ ಕೆಲಸ ಮಾತ್ರ ಶಿವರಾತ್ರಿಯೊಳಗೆ ಮುಗಿಯಲಿ, ಮಳೆಗಾಲ ಕಳೆದ ಮೇಲೆ ತೊಳೆದುಹೋದ ಕಡೆ ಇನ್ನೊಮ್ಮೆ ಬಳಿಯಲಿ.