ಸರ್ವೆಯಲ್ಲಿ ಹೆಸರಿಲ್ಲದವರ ಮಾಸಾಶನ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಮಾಜಿ ದೇವದಾಸಿಯರ ಅರ್ಜಿ ತುಂಬಿಕೊಡುವವರು ಮೊದಲು ಕೇಳುವುದು ಒಂದೇ ಮಾತು: ‘ಸರ್ವೆಯಲ್ಲಿ ನಿಮ್ಮ ಹೆಸರು ಬಂದಿದೆಯೇ?’ ಇಲ್ಲ ಎಂದರೆ ಮಾಸಾಶನ, ಮನೆ, ಸಾಲ ಎಲ್ಲದಕ್ಕೂ ಅಲ್ಲಿಗೇ ತಡೆ.

ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆಗೆ 1982ರಲ್ಲಿ ವಿಧಾನಮಂಡಲ ಒಪ್ಪಿಗೆ ನೀಡಿತು. ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟಿಸಿದವರಿಗೆ, ಅಂದರೆ ಹೆಣ್ಣನ್ನು ದೇವರಿಗೆ ಸಮರ್ಪಿಸಿ ದೇವದಾಸಿಯಾಗಿಸಿದವರಿಗೆ, ಜೈಲು ಶಿಕ್ಷೆ. ಹೆತ್ತವರೇ ಕಟ್ಟಿಸಿದ್ದರೆ ಶಿಕ್ಷೆ ಇನ್ನೂ ಹೆಚ್ಚು, ಐದು ವರ್ಷದವರೆಗೆ. ಬದುಕು ಕಟ್ಟಿಕೊಡುವ ಹೊಣೆಯನ್ನು ಮಹಿಳಾ ಅಭಿವೃದ್ಧಿ ನಿಗಮ ಹೊತ್ತುಕೊಂಡಿತು. 1993-94ರ ಸಮೀಕ್ಷೆಯಲ್ಲಿ 22,873, 2007-08ರಲ್ಲಿ ಮತ್ತೆ 23,787 ಮಹಿಳೆಯರು ದಾಖಲಾದರು. ಒಟ್ಟು 46,660. ಸೌಲಭ್ಯದ ಬಾಗಿಲು ತೆರೆದದ್ದು ಇಷ್ಟು ಮಂದಿಗೆ.

ಹೊರಗುಳಿದವರ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಗಣತಿದಾರರು ಬಂದಾಗ ಗುಳೆ ಹೋದವರಿದ್ದರು. ಮಗಳ ಮದುವೆಗೆ ತೊಡಕಾದೀತೆಂದು ಬಾಯಿ ಬಿಡದವರಿದ್ದರು. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವಳ ಸಂಕಟವಂತೂ ದೊಡ್ಡದು: ‘ಹೌದು, ನಾನು ದೇವದಾಸಿ’ ಎಂದರೆ ಹೆತ್ತವರನ್ನೇ ತಪ್ಪಿತಸ್ಥರನ್ನಾಗಿ ತೋರಿಸಿದಂತೆ. ಒಂದು ಕೈಯಲ್ಲಿ ಶಿಕ್ಷೆ, ಇನ್ನೊಂದು ಕೈಯಲ್ಲಿ ಮಾಸಾಶನ ಹಿಡಿದ ಸರ್ಕಾರದ ಮುಂದೆ ಅವಳು ಸುಮ್ಮನಾದದ್ದಕ್ಕೆ ಅವಳನ್ನು ದೂರುವುದು ಅನ್ಯಾಯ.

ಪಟ್ಟಿ ಸೇರಿದವರ ಪಾಡೂ ಸಲೀಸಲ್ಲ. ಸರ್ವೆ ಪಟ್ಟಿಯಲ್ಲಿ ‘ಹುಲಿಗೆವ್ವ’, ಆಧಾರ್‌ನಲ್ಲಿ ‘ಹುಲಿಗೆಮ್ಮ’. ಊರಿಗೆಲ್ಲ ಒಬ್ಬಳೇ, ಕಚೇರಿಗೆ ಇಬ್ಬರು. ಹುಟ್ಟಿದ ದಾಖಲೆ ಇಲ್ಲದವರ ಆಧಾರ್‌ನಲ್ಲಿ ವಯಸ್ಸು ಅಂದಾಜಿನದು. ಅದು ಕಡಿಮೆ ಬಿದ್ದಿದ್ದರೆ ಮಾಸಾಶನಕ್ಕೆ ಇನ್ನೂ ಕಾಯಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿದರೆ ಬರುತ್ತಿದ್ದ ಹಣವೂ ನಿಲ್ಲುತ್ತದೆ, ಏಕೆ ನಿಂತಿತೆಂದು ಹೇಳುವವರಿರುವುದಿಲ್ಲ. ಓದು ಬಾರದ ಹೆಂಗಸೊಬ್ಬಳು ಪಾಸ್‌ಬುಕ್ ಹಿಡಿದು ಬ್ಯಾಂಕಿನಿಂದ ನಾಡಕಚೇರಿಗೆ, ಅಲ್ಲಿಂದ ನಿಗಮದ ಕಚೇರಿಗೆ ಅಲೆದರೆ ಅಷ್ಟು ದಿನದ ಕೂಲಿ ಹೋಯಿತು. ಮಾಸಾಶನವನ್ನು 2024-25ರ ಬಜೆಟ್‌ನಲ್ಲಿ 1,500ರಿಂದ 2,000 ರೂಪಾಯಿಗೆ ಏರಿಸಿದ್ದು ಒಳ್ಳೆಯದೇ. ಆದರೆ ಅವಳ ಜೊತೆ ಓಡಾಡುವವರಿಗೆ ಸಂಬಳ ಕೊಟ್ಟು ನೇಮಿಸುವುದೂ ಅಷ್ಟೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂದು ಆ ಕೆಲಸದ ಬಹುಪಾಲು ನಡೆಯುತ್ತಿರುವುದು ಸಂಘಟನೆಗಳ ಕಾರ್ಯಕರ್ತೆಯರಿಂದ. ಅವರಲ್ಲಿ ಎಷ್ಟೋ ಮಂದಿ ಸ್ವತಃ ಮಾಜಿ ದೇವದಾಸಿಯರು, ಇಲ್ಲವೇ ಅವರ ಮಕ್ಕಳು.

ಮಕ್ಕಳ ತೊಡಕು ಬೇರೆಯದು. ಶಾಲೆ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಎಲ್ಲ ಅರ್ಜಿಯಲ್ಲೂ ‘ತಂದೆಯ ಹೆಸರು’ ಎಂಬ ಅಂಕಣ ಎದುರಾಗುತ್ತಿತ್ತು. ಅದನ್ನು ಖಾಲಿ ಬಿಟ್ಟು ಹತ್ತು ಜನರೆದುರು ಪ್ರಶ್ನೆ ಎದುರಿಸುವ ಸಂಕಟವನ್ನು ಮಕ್ಕಳು ಉಂಡಿದ್ದಾರೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಕಾಯ್ದೆ ತಂದೆಯ ಹೆಸರು ಕಡ್ಡಾಯವಲ್ಲ ಎಂದಿತು. ತಂದೆ ಯಾರೆಂದು ಕಾನೂನಿನ ಮೂಲಕ ಸಾಬೀತುಪಡಿಸಿ ಆಸ್ತಿಯಲ್ಲಿ ಪಾಲು ಕೇಳುವ ದಾರಿಯನ್ನೂ ತೆರೆಯಿತು.

ಅದೇ ವರ್ಷ ಮರು ಸಮೀಕ್ಷೆಯೂ ಆರಂಭವಾಯಿತು. ಹಿಂದೆ ಬಾಯಿ ಬಿಡದವರು ಈಗ ಹೆಸರು ಬರೆಸಬೇಕಾದರೆ, ಇದರಿಂದ ಹೆತ್ತವರ ಮೇಲೆ ಮೊಕದ್ದಮೆ ಬೀಳುವುದಿಲ್ಲ ಎಂಬ ಭರವಸೆಯನ್ನು ಸರ್ಕಾರ ಲಿಖಿತವಾಗಿ ಕೊಡಬೇಕು, ಅದನ್ನು ಕೇರಿಕೇರಿಗೆ ಹೋಗಿ ಓದಿ ಹೇಳಬೇಕು.